ಗುಣ ಯಾವುದರದು?



ಹೋದ ತಿಂಗಳು ನಮ್ಮ ರಾತ್ರಿ ತರಗತಿಯಲ್ಲಿ ಒಬ್ಬ ತಾಯಿ ನಮ್ಮನ್ನು ಕೇಳಿದರು. "ಮೇಷ್ಟ್ರೇ, ಮಗನಿಗೆ ಮೂರ್ಛೆ ರೋಗ. ಯಾರೋ ಒಂದು ಸೊಪ್ಪಿನ ರಸ ಹೇಳಿದ್ದಾರೆ. ಮಾತ್ರೆ ಬಿಟ್ಟು ಅದನ್ನೇ ಕೊಡಲಾ?"

ಮೂರ್ಛೆ ರೋಗ ಅಂದರೆ ಫಿಟ್ಸ್. ಗಿಡಗಳಲ್ಲಿ ಗುಣವೇ ಇಲ್ಲ ಅಂತ ನಾವು ಹೇಳೋದಿಲ್ಲ. ವಿಜ್ಞಾನಿಗಳೂ ಗಿಡಗಳಲ್ಲಿ ಮದ್ದು ಹುಡುಕುತ್ತಾರೆ. ಆದರೆ ಪರೀಕ್ಷೆ ಮಾಡಿ ನೋಡುತ್ತಾರೆ. ಹೇಗೆ? ಫ್ರಾನ್ಸ್ ದೇಶದಲ್ಲಿ ನಡೆದದ್ದನ್ನು ಕೇಳಿ.

ಕೆಲ್ಲಾ ಅಂತ ಒಂದು ಗಿಡ. ಈಜಿಪ್ಟ್ ದೇಶದವರು ಅದನ್ನು ಮದ್ದಿಗೆ ಬಳಸುತ್ತಿದ್ದರು. ಅದರ ಸಾರದಿಂದ ಪಿಯರ್ ಎಮಾರ್ ಎಂಬ ವಿದ್ಯಾರ್ಥಿ ಹೊಸ ಮದ್ದುಗಳನ್ನು ತಯಾರಿಸಿದ. ಅವು ಸುಲಭವಾಗಿ ಕರಗಲಿಲ್ಲ. ಅದಕ್ಕೆ ವಾಲ್‌ಪ್ರೊಯಿಕ್ ಆಮ್ಲ ಎಂಬ ದ್ರವದಲ್ಲಿ ಕರಗಿಸಿದರು. 1962ರಲ್ಲಿ ಪ್ರಾಣಿಗಳಿಗೆ ಕೊಟ್ಟು ನೋಡಿದರು. ಫಿಟ್ಸ್ ತಡೆಯಿತು!

ಗಿಡದ್ದೇ ಗುಣ ಅಂತ ಅಲ್ಲಿಗೇ ಬಿಡಬಹುದಿತ್ತು. ಅವರು ಬಿಡಲಿಲ್ಲ. ಬೇರೆ ಪದಾರ್ಥವನ್ನು ಅದೇ ದ್ರವದಲ್ಲಿ ಕರಗಿಸಿ ಕೊಟ್ಟರು. ಆಗಲೂ ಫಿಟ್ಸ್ ತಡೆಯಿತು. ಬರೀ ದ್ರವ ಕೊಟ್ಟರು. ಆಗಲೂ ತಡೆಯಿತು. ಗುಣ ಇದ್ದದ್ದು ದ್ರವದಲ್ಲಿ!

ಆಮೇಲೆ ರೋಗಿಗಳಿಗೂ ಕೊಟ್ಟು ನೋಡಿದರು. 1967ರಲ್ಲಿ ಅದು ಫ್ರಾನ್ಸಿನಲ್ಲಿ ಮಾರಾಟಕ್ಕೆ ಬಂತು. ಇವತ್ತು ನಮ್ಮಲ್ಲೂ ಡಾಕ್ಟರು ಬರೆದುಕೊಡುವ ವಾಲ್‌ಪ್ರೊಯೇಟ್ ಮಾತ್ರೆ ಅದೇ. ಇದು ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು. ಹೆಣ್ಣುಮಕ್ಕಳು ಬಸಿರಾಗುವ ಮೊದಲೇ ಡಾಕ್ಟರನ್ನು ಕೇಳಬೇಕು.

ನಾವು ಜೇನುತುಪ್ಪದಲ್ಲಿ ಕಲಸಿ ಮದ್ದು ಕೊಡ್ತೀವಿ. ಗುಣ ಮದ್ದಿನದೋ, ಜೇನಿನದೋ? ಫಿಟ್ಸ್ ಕೆಲವು ಸಲ ತಿಂಗಳುಗಟ್ಟಲೆ ತಾನಾಗಿಯೇ ಬರುವುದಿಲ್ಲ. ಆಗ ರಸ ಕುಡಿದಿದ್ದರೆ ಗುಣ ರಸದ್ದು ಅಂತೀವಿ. ಅದಕ್ಕೇ ಬಹಳ ಜನರನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ಮದ್ದಿನ ಹಾಗೇ ಕಾಣುವ, ಮದ್ದಿಲ್ಲದ ಮಾತ್ರೆ. ಆಮೇಲೆ ಹೋಲಿಸಿ ನೋಡುತ್ತಾರೆ.

ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ದಿಢೀರನೆ ಬಿಟ್ಟರೆ ಒಂದರ ಮೇಲೊಂದು ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯ ಆಗಬಹುದು. ಸೊಪ್ಪಿನ ರಸ ಕೊಡುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಕೈಗೆ ಬೀಗದಕೈ ಕೊಡಬೇಡಿ. ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಆ ತಾಯಿ ಮಾತ್ರೆ ನಿಲ್ಲಿಸಲಿಲ್ಲ. ಮಾತ್ರೆ ಕೊಟ್ಟ ದಿನ, ಫಿಟ್ಸ್ ಬಂದ ದಿನ ಎರಡನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ. ಆ ಪುಸ್ತಕ ನೋಡಿಯೇ ಡಾಕ್ಟರು ಔಷಧಿ ಎಷ್ಟು ಅಂತ ತೀರ್ಮಾನ ಮಾಡುತ್ತಾರೆ. ಕಲಿತ ಅಕ್ಷರ ಮಗನಿಗೆ ಆಸರೆ ಆಯಿತು. ನೀವೂ ಬರೆದಿಡಿ.