ಸೂಜಿ ಚುಚ್ಚಿದ ಮೊದಲ ದಿನ: ಹೆಪಟೈಟಿಸ್-ಬಿ ತಡೆಗೆ ನಾವೇನು ಮಾಡಬೇಕು?
(ಮಹಾಪೆಯ ಆರೋಗ್ಯ ಸಿಬ್ಬಂದಿ ಮತ್ತು ಕಾರ್ಮಿಕರಿಗಾಗಿ ಸಿದ್ಧಪಡಿಸಿದ ಭಾಷಣ)



ಠಾಣೆ-ಬೇಲಾಪುರ ರಸ್ತೆಯ ಬದಿಯ ಈ ಮಹಾಪೆಗೆ ಕರಾವಳಿಯಿಂದಲೂ ಕಲಬುರಗಿ, ವಿಜಯಪುರಗಳ ಕಡೆಯಿಂದಲೂ ದುಡಿಮೆಯನ್ನರಸಿ ಬಂದವರು ನಾವು. ನಮ್ಮಲ್ಲಿ ದಾದಿಯರಿದ್ದಾರೆ, ಪ್ರಯೋಗಾಲಯದ ಸಹಾಯಕರಿದ್ದಾರೆ, ಕಾರ್ಖಾನೆಗಳ ಪ್ರಥಮ ಚಿಕಿತ್ಸಾ ಕೊಠಡಿಯಲ್ಲಿ ಗಾಯ ಕಟ್ಟುವವರಿದ್ದಾರೆ, ದವಾಖಾನೆಯ ಕಸ ಎತ್ತುವವರೂ ಇದ್ದಾರೆ. ರಕ್ತ ಮೆತ್ತಿದ ಸೂಜಿಯು ಇವರಲ್ಲಿ ಯಾರಿಗೂ ಭೇದವೆಣಿಸುವುದಿಲ್ಲ.

ಹೆಪಟೈಟಿಸ್-ಬಿ ಎಂಬುದು ಯಕೃತ್ತಿಗೆ ತಗಲುವ ವೈರಾಣು ರೋಗ. ಇದರ ವೈರಾಣುವನ್ನು 1960ರ ದಶಕದಲ್ಲಿ ಗುರುತಿಸಲು ಕಾರಣರಾದ ಬರೂಚ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕೆಲವರಲ್ಲಿ ಇದು ಕಾಮಾಲೆಯಾಗಿ ಕಾಣಿಸಿಕೊಂಡು ವಾಸಿಯಾಗುತ್ತದೆ. ಮತ್ತೆ ಕೆಲವರಲ್ಲಿ ಯಾವ ಸುಳಿವೂ ಕೊಡದೆ ದೇಹದಲ್ಲಿಯೇ ಉಳಿದು, ವರ್ಷಗಳ ತರುವಾಯ ಯಕೃತ್ತನ್ನು ಗಡುಸಾಗಿಸುತ್ತದೆ ಅಥವಾ ಕ್ಯಾನ್ಸರಿಗೆ ಎಡೆಮಾಡುತ್ತದೆ.

ಲಸಿಕೆ ಪಡೆಯದವರಿಗೆ ಸೋಂಕಿತನ ರಕ್ತವಿದ್ದ ಸೂಜಿ ಚುಚ್ಚಿದರೆ ರೋಗ ತಗಲುವ ಸಂಭವವು, ಆ ರಕ್ತದಲ್ಲಿನ ವೈರಾಣುವಿನ ಪ್ರಮಾಣವನ್ನನುಸರಿಸಿ, ನೂರಕ್ಕೆ 6ರಿಂದ 30ರವರೆಗೆ ಇದೆ. ಎಚ್.ಐ.ವಿ. ವಿಷಯದಲ್ಲಿ ಈ ಸಂಭವ ಸಾವಿರಕ್ಕೆ ಸುಮಾರು 3 ಮಾತ್ರ. ಆದರೂ ಜನರು ಏಡ್ಸ್‌ಗೆ ಅಂಜುವಷ್ಟು ಇದಕ್ಕೆ ಅಂಜುವುದಿಲ್ಲ. ಒಣಗಿದ ರಕ್ತದ ಕಲೆಯಲ್ಲಿಯೂ ಈ ವೈರಾಣು ಕನಿಷ್ಠ 7 ದಿನ ಬದುಕಿರಬಲ್ಲದು. 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದಲ್ಲಿ ಒಮ್ಮೆ ಬಳಸಿದ ಸಿರಿಂಜುಗಳ ಮರುಬಳಕೆಯಿಂದ ಈ ರೋಗ ಹಬ್ಬಿ ಅನೇಕರು ಪ್ರಾಣ ಕಳೆದುಕೊಂಡುದನ್ನು ನಾವು ಮರೆಯಬಾರದು.

ಹಾಗಾದರೆ ಸೂಜಿ ಚುಚ್ಚಿದಾಗ ಮಾಡಬೇಕಾದುದೇನು? ಮೊದಲು ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆಯಬೇಕು. ರಕ್ತ ಹಿಂಡುವುದು, ಬೆರಳನ್ನು ಬಾಯಿಗಿಟ್ಟು ಚೀಪುವುದು, ಸುಡುವ ದ್ರಾವಣ ಸುರಿಯುವುದು ಸಲ್ಲದು. ಕಣ್ಣಿಗೆ ರಕ್ತ ಸಿಡಿದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಬೇಕು.

ಎರಡನೆಯದಾಗಿ, ತಡಮಾಡದೆ ಮೇಲಧಿಕಾರಿಗಳಿಗೆ ತಿಳಿಸಿ ವೈದ್ಯರನ್ನು ಕಾಣಬೇಕು. ಅನೇಕರು ಎಡವುವುದು ಇಲ್ಲಿಯೇ. ಗುತ್ತಿಗೆಯ ಕೆಲಸ ಹೋದೀತೆಂಬ ಭಯದಿಂದಲೋ, ಬೈಗುಳಕ್ಕೆ ಅಂಜಿಯೋ ಮುಚ್ಚಿಡುತ್ತಾರೆ. ಆದರೆ ಈ ರೋಗದ ತಡೆಯಲ್ಲಿ ಮೊದಲ 24 ಗಂಟೆಗಳು ಅಮೂಲ್ಯವಾದವು.

ವೈದ್ಯರು ರೋಗಿಯ ರಕ್ತವನ್ನೂ ಗಾಯಗೊಂಡವರ ರಕ್ತವನ್ನೂ ಪರೀಕ್ಷಿಸುವರು. ಲಸಿಕೆ ಪೂರೈಸಿ, ರಕ್ತದಲ್ಲಿ ಸಾಕಷ್ಟು ಪ್ರತಿಕಾಯಗಳಿವೆಯೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡವರಿಗೆ ಈ ರೋಗದ ಮಟ್ಟಿಗೆ ಬೇರೆ ಚಿಕಿತ್ಸೆ ಬೇಕಿಲ್ಲ. ಲಸಿಕೆಯನ್ನೇ ಪಡೆಯದವರಿಗೆ, ರೋಗಿಯು ಸೋಂಕಿತನಾಗಿದ್ದರೆ, ಸಿದ್ಧ ಪ್ರತಿಕಾಯಗಳುಳ್ಳ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನು ಸಾಧ್ಯವಾದರೆ 24 ಗಂಟೆಗಳೊಳಗೆ, ತಪ್ಪಿದರೆ 7 ದಿನಗಳೊಳಗೆ ಕೊಡಲಾಗುತ್ತದೆ. ಜೊತೆಗೇ ದೇಹದ ಬೇರೊಂದು ಭಾಗದಲ್ಲಿ ಲಸಿಕೆಯನ್ನೂ ಆರಂಭಿಸಲಾಗುತ್ತದೆ. ಕಸದಲ್ಲಿದ್ದ ಸೂಜಿ ಚುಚ್ಚಿ, ಅದು ಯಾರದೆಂದು ತಿಳಿಯದಿದ್ದರೆ, ಅದು ಅಪಾಯಕಾರಿಯೆಂದೇ ಭಾವಿಸಿ ವೈದ್ಯರ ಬಳಿಗೆ ಹೋಗಬೇಕು. ಸುಮಾರು 6 ತಿಂಗಳ ನಂತರ ಮರುಪರೀಕ್ಷೆ ಅಗತ್ಯ. ಅಲ್ಲಿಯವರೆಗೆ ರಕ್ತದಾನ ಮಾಡಬಾರದು. ಕಾಮಾಲೆಯ ನಾಟಿ ಔಷಧಿಯನ್ನು ನಂಬಿ ಕುಳಿತರೆ ಈ ಅವಕಾಶ ಕೈತಪ್ಪುತ್ತದೆ.

ಆದಾಗ್ಯೂ ಅಪಘಾತಕ್ಕೆ ಮೊದಲೇ ಲಸಿಕೆ ಪಡೆಯುವುದು ಎಲ್ಲಕ್ಕಿಂತ ಲೇಸು. ಮೊದಲ ದಿನ, 1 ತಿಂಗಳು ಮತ್ತು 6 ತಿಂಗಳಿಗೆ ಹೀಗೆ 3 ಚುಚ್ಚುಮದ್ದುಗಳು. ಕೊನೆಯದಾದ 1-2 ತಿಂಗಳಿಗೆ ಪ್ರತಿಕಾಯಗಳ ಪರೀಕ್ಷೆ. ಹಿಂದೆ ದುಬಾರಿ ಆಮದು ವಸ್ತುವಾಗಿದ್ದ ಈ ಲಸಿಕೆಯನ್ನು 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು ದೇಶೀಯವಾಗಿ ತಯಾರಿಸಿ ಕಡಿಮೆ ಬೆಲೆಗೆ ಒದಗಿಸಿತು. 2018ರ ಜುಲೈ 28ರಂದು ಆರಂಭಗೊಂಡ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆರೋಗ್ಯ ಸಿಬ್ಬಂದಿಯ ಲಸಿಕೆಯೂ ಸೇರಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, ಈ ತ್ಯಾಜ್ಯವನ್ನು ಮುಟ್ಟುವ ಎಲ್ಲ ಕೆಲಸಗಾರರಿಗೂ ಹೆಪಟೈಟಿಸ್-ಬಿ ಲಸಿಕೆ ಹಾಕಿಸುವ ಹೊಣೆಯನ್ನು ಆಸ್ಪತ್ರೆಗಳ ಮೇಲೆ ಹೊರಿಸಿವೆ. ಆದುದರಿಂದ ಕಸ ಎತ್ತುವ ಸೋದರಿಯು ಲಸಿಕೆ ಕೇಳಿದರೆ ಅದು ಬೇಡಿಕೆಯಲ್ಲ, ಅವಳ ಹಕ್ಕು.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದಿರಿ. ಚುಚ್ಚಿ ತೂತಾಗದ ಬಿಳಿಯ ಡಬ್ಬಿಯಲ್ಲಿಯೇ ಅದನ್ನು ಹಾಕಿರಿ. ಊರಿನಿಂದ ದೂರ ಬಂದು ದುಡಿಯುವ ನಮ್ಮ ಆರೋಗ್ಯವನ್ನು ನೆಚ್ಚಿಕೊಂಡು ಊರಿನಲ್ಲಿ ಒಂದು ಸಂಸಾರವಿದೆ ಎಂಬುದನ್ನು ಮರೆಯದೆ, ಚುಚ್ಚಿದ ಸೂಜಿಯ ಸುದ್ದಿಯನ್ನು ಅಂದೇ ಹೇಳಿರಿ.