ಯೋಜನೆಯ ಮಿತಿ ಅರಿತಿದ್ದ ಸೇನಾನಿ



ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಯುದ್ಧದ ರೀತಿಯನ್ನೇ ಬದಲಿಸಿದವನು ಜರ್ಮನ್ ರಾಜ್ಯವಾದ ಪ್ರಷ್ಯದ ಸೇನಾನಿ ಹೆಲ್ಮುಟ್ ಫಾನ್ ಮೋಲ್ಟ್ಕೆ. ಕತ್ತಿ ಹಿರಿದು ಪಡೆಯ ಮುಂದೆ ನುಗ್ಗಿ ಹೆಸರು ಗಳಿಸಿದವನಲ್ಲ. ನಕ್ಷೆ, ರೈಲು, ತಂತಿ ಸುದ್ದಿ ಇವೇ ಅವನ ಆಯುಧಗಳು. ಎಲ್ಲಕ್ಕೂ ಸಿದ್ಧನಾಗಿರು, ಆದರೆ ನಿನ್ನ ಯೋಜನೆಗೆ ಜೋತುಬೀಳಬೇಡ ಎಂಬುದು ಅವನ ಬದುಕಿನುದ್ದಕ್ಕೂ ಕಾಣುವ ಪಾಠ.

ಮೋಲ್ಟ್ಕೆ ಹುಟ್ಟಿದ್ದು 1800ರ ಅಕ್ಟೋಬರ್ 26ರಂದು, ಉತ್ತರ ಜರ್ಮನಿಯ ಪಾರ್ಶಿಮ್ ಪಟ್ಟಣದಲ್ಲಿ. ಕುಲ ದೊಡ್ಡದು, ಕೈ ಬರಿದು. 1806ರಲ್ಲಿ ನೆಪೋಲಿಯನ್ನನ ಸೈನಿಕರು ಲ್ಯೂಬೆಕ್ ನಗರದಲ್ಲಿದ್ದ ಅವರ ಮನೆಯನ್ನು ದೋಚಿದರು. ಹುಡುಗ ಕೋಪನ್‌ಹೇಗನ್ನಿನ ಸೈನಿಕ ಶಾಲೆ ಸೇರಿ, ಡೆನ್ಮಾರ್ಕಿನ ಸೇನೆಯಲ್ಲಿ ಅಧಿಕಾರಿಯಾದ. ಅಲ್ಲಿ ಮುಂದೆ ಬರಲು ದಾರಿ ಕಾಣದೆ 1822ರಲ್ಲಿ ಪ್ರಷ್ಯದ ಸೇನೆಗೆ ಬಂದ. ಸಂಬಳ ಸಾಲುತ್ತಿರಲಿಲ್ಲ. ಕುದುರೆ ಕೊಳ್ಳುವ ಹಣಕ್ಕಾಗಿ ಇಂಗ್ಲಿಷ್ ಇತಿಹಾಸಕಾರ ಗಿಬ್ಬನ್ ಬರೆದ ರೋಮ್ ಸಾಮ್ರಾಜ್ಯದ ಬೃಹತ್ ಇತಿಹಾಸವನ್ನು ಜರ್ಮನ್ ಭಾಷೆಗೆ ಅನುವಾದಿಸಲು ಕುಳಿತ. ಬಹುಪಾಲು ಮುಗಿಸಿಯೂ ಬಿಟ್ಟ. ಪುಸ್ತಕ ಮಾತ್ರ ಹೊರಬರಲೇ ಇಲ್ಲ.

1835ರಲ್ಲಿ ತುರ್ಕಿಗೆ ಹೋದವನು ಸುಲ್ತಾನನ ಸೇನೆಗೆ ಸಲಹೆಗಾರನಾದ, ಇಸ್ತಾಂಬುಲ್ ನಗರದ ನಕ್ಷೆ ತಯಾರಿಸಿದ. ಅವನು ಕಣ್ಣಾರೆ ಕಂಡ ಮೊದಲ ದೊಡ್ಡ ಯುದ್ಧ 1839ರ ನಿಜಿಪ್ ಕದನ. ಈಜಿಪ್ಟಿನ ಸೈನ್ಯ ಸುತ್ತು ಹಾಕಿ ಬರುತ್ತಿದೆ, ಹಿಂದೆ ಸರಿದು ಭದ್ರವಾದ ಜಾಗದಲ್ಲಿ ನಿಲ್ಲೋಣ ಎಂದು ತುರ್ಕಿ ಸೇನಾಪತಿ ಹಾಫಿಜ್ ಪಾಷಾಗೆ ಹೇಳಿದ. ಪಾಷಾ ಕೇಳಲಿಲ್ಲ. ತುರ್ಕಿ ಪಡೆ ಚದುರಿಹೋಯಿತು.

ಊರಿಗೆ ಮರಳಿದ ಮೇಲೆ ಅವನ ಗಮನವನ್ನು ರೈಲು ಸೆಳೆಯಿತು. ಬರ್ಲಿನ್–ಹ್ಯಾಂಬರ್ಗ್ ರೈಲು ಕಂಪನಿಗೆ ತನ್ನ ಉಳಿತಾಯ ಹಾಕಿ, ಅದರ ಆಡಳಿತ ಮಂಡಳಿಯಲ್ಲೂ ಕುಳಿತ. 1857ರಲ್ಲಿ ಪ್ರಷ್ಯದ ಯುದ್ಧಯೋಜನೆಗಳನ್ನು ರೂಪಿಸುವ ಜನರಲ್ ಸ್ಟಾಫ್‌ನ ಮುಖ್ಯಸ್ಥನಾದಾಗ ಈ ತಿಳಿವಳಿಕೆ ಕೈಹಿಡಿಯಿತು. ಯಾವ ಪಡೆ ಯಾವ ಹಳಿಯ ಮೇಲೆ, ಯಾವ ದಿನ, ಎಲ್ಲಿಗೆ ಹೋಗಬೇಕೆಂದು ಶಾಂತಿಕಾಲದಲ್ಲೇ ಲೆಕ್ಕ ಹಾಕಿಡುವ ಪದ್ಧತಿ ಬೆಳೆಯಿತು.

ಅದರ ಫಲ 1866ರಲ್ಲಿ ಆಸ್ಟ್ರಿಯದ ಮೇಲಿನ ಯುದ್ಧದಲ್ಲಿ ಕಂಡಿತು. ಐದು ರೈಲು ಮಾರ್ಗಗಳಲ್ಲಿ ಮೂರು ಸೈನ್ಯಗಳನ್ನು ಗಡಿಗೆ ಸಾಗಿಸಿದ. ಬೇರೆ ಬೇರೆ ದಾರಿಯಲ್ಲಿ ನಡೆದು, ಕಾದಾಡುವಾಗ ಕೂಡಿಕೊಳ್ಳುವುದು ಅವನ ತಂತ್ರ. ಜುಲೈ 2ರ ರಾತ್ರಿ, ಆಸ್ಟ್ರಿಯನ್ನರು ಕ್ಯೋನಿಗ್‌ಗ್ರೇಟ್ಸ್ ಬಳಿ ಬೀಡುಬಿಟ್ಟಿದ್ದಾರೆಂಬ ಸುದ್ದಿ ಬಂತು. ಆ ಮೂರರಲ್ಲಿ ಒಂದಾದ, ಪ್ರಷ್ಯದ ಯುವರಾಜನ ಸೈನ್ಯ ಇನ್ನೂ ದೂರದಲ್ಲಿತ್ತು. ಕೂಡಲೇ ಹೊರಟು ಬಾ ಎಂಬ ಆದೇಶವನ್ನು ಸವಾರನೊಬ್ಬ ಕತ್ತಲಲ್ಲಿ ಒಯ್ದು ಬೆಳಗಿನ ಜಾವ ತಲುಪಿಸಿದ. ಮರುದಿನ ಮಳೆ. ಎರಡೂ ಕಡೆ ಸೇರಿ 4 ಲಕ್ಷಕ್ಕೂ ಹೆಚ್ಚು ಮಂದಿ. ಮಧ್ಯಾಹ್ನದವರೆಗೂ ಯುವರಾಜನ ಸುಳಿವಿಲ್ಲ, ಪ್ರಷ್ಯದ ಮುಂಚೂಣಿ ನಲುಗುತ್ತಿದೆ, ರಾಜನಿಗೆ ಆತಂಕ. ಆಗ ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್ ತನ್ನ ಸಿಗಾರ್ ಡಬ್ಬಿ ಚಾಚಿದ. ಮೋಲ್ಟ್ಕೆ ಅವಸರಪಡದೆ ನೋಡಿ ನೋಡಿ ಇದ್ದುದರಲ್ಲಿ ಒಳ್ಳೆಯದನ್ನೇ ಆರಿಸಿಕೊಂಡ. ಅದನ್ನು ಕಂಡು ತನಗೆ ಧೈರ್ಯ ಬಂತೆಂದು ಬಿಸ್ಮಾರ್ಕ್ ಮುಂದೆ ಹೇಳುತ್ತಿದ್ದ. ಯುವರಾಜನ ಸೈನ್ಯ ಬಂದು ಆಸ್ಟ್ರಿಯನ್ನರ ಪಕ್ಕಕ್ಕೆ ಎರಗಿತು. ಸಂಜೆಯ ಹೊತ್ತಿಗೆ ಗೆಲುವು ಪ್ರಷ್ಯದ್ದಾಗಿತ್ತು.

ಶತ್ರುವಿನ ಮುಖ್ಯ ಪಡೆ ಎದುರಾದ ಕ್ಷಣದಿಂದಾಚೆಗೆ ಯಾವ ಯೋಜನೆಯೂ ಖಚಿತವಾಗಿ ನಡೆಯದು ಎಂದು ಮೋಲ್ಟ್ಕೆ ಬರೆದ. ಆದ್ದರಿಂದ ಉದ್ದೇಶವನ್ನಷ್ಟೇ ಸ್ಪಷ್ಟವಾಗಿ ಹೇಳಿ, ದಾರಿಯನ್ನು ಕೆಳಗಿನ ಅಧಿಕಾರಿಯ ವಿವೇಚನೆಗೆ ಬಿಡುತ್ತಿದ್ದ. ಇಂದಿನ ಸೈನಿಕ ಶಾಲೆಗಳೂ ಈ ತತ್ವವನ್ನು ಕಲಿಸುತ್ತವೆ.

1870ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಬಂತು. ಮೂರು ವಾರದೊಳಗೆ ಜರ್ಮನ್ ಕಡೆಯ 4 ಲಕ್ಷಕ್ಕೂ ಹೆಚ್ಚು ಸೈನಿಕರು ಗಡಿಯಲ್ಲಿದ್ದರು. ಸೆಪ್ಟೆಂಬರ್ 2ರಂದು ಸೆಡಾನ್‌ನಲ್ಲಿ ಫ್ರೆಂಚ್ ಸೈನ್ಯ ಶರಣಾಯಿತು, ಮೂರನೆಯ ನೆಪೋಲಿಯನ್ ಚಕ್ರವರ್ತಿಯೇ ಸೆರೆಯಾದ. 1871ರ ಜನವರಿಯಲ್ಲಿ ಪ್ರಷ್ಯದ ನಾಯಕತ್ವದಲ್ಲಿ ಜರ್ಮನ್ ಸಾಮ್ರಾಜ್ಯ ಉದಯಿಸಿತು. ಆದರೆ ಚಕ್ರವರ್ತಿ ಸೆರೆಯಾದ ಮೇಲೂ ಫ್ರಾನ್ಸಿನ ಜನ ತಿಂಗಳುಗಟ್ಟಲೆ ಹೋರಾಡಿದ್ದು ಮೋಲ್ಟ್ಕೆಯ ಮನಸ್ಸಿನಲ್ಲಿ ಉಳಿಯಿತು.

ಬಾನುಲಿ ಕೇಳುವ ನಿಮಗೆ ಇನ್ನೊಂದು ಸಂಗತಿ ಹಿಡಿಸೀತು. 1889ರಲ್ಲಿ ಎಡಿಸನ್ನನ ಪ್ರತಿನಿಧಿಯೊಬ್ಬ ಈ ವೃದ್ಧ ಸೇನಾನಿಯ ದನಿಯನ್ನು ಮೇಣದ ಉರುಳೆಯ ಮೇಲೆ ಮುದ್ರಿಸಿಕೊಂಡ. ಮೋಲ್ಟ್ಕೆ ಶೇಕ್ಸ್‌ಪಿಯರ್ ಮತ್ತು ಗಯಟೆಯ ನಾಟಕಗಳ ಸಾಲುಗಳನ್ನು ಓದಿದ. ಆ ದನಿ ಇಂದಿಗೂ ಉಳಿದಿದೆ.

ಅವನು ಶಾಂತಿದೂತನೇನೂ ಆಗಿರಲಿಲ್ಲ. ಶಾಶ್ವತ ಶಾಂತಿ ಬರಿಯ ಕನಸು ಎಂದು 1880ರಲ್ಲಿ ಪತ್ರವೊಂದರಲ್ಲಿ ಬರೆದಿದ್ದ. ಅಂಥವನೇ 1890ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಎದ್ದು ನಿಂತು, ಮುಂದಿನ ಯುದ್ಧ ರಾಜರ ಯುದ್ಧವಾಗಿರದೆ ಜನಾಂಗಗಳ ಯುದ್ಧವಾಗುತ್ತದೆ, ಏಳು ವರ್ಷವೋ ಮೂವತ್ತು ವರ್ಷವೋ ನಡೆದೀತು, ಅದಕ್ಕೆ ಮೊದಲು ಕಿಡಿ ಹಚ್ಚುವವನ ಗತಿಯೇನು ಎಂದು ಎಚ್ಚರಿಸಿದ. ಮರುವರ್ಷ ಏಪ್ರಿಲ್ 24ರಂದು ತೀರಿಕೊಂಡ.

1914ರಲ್ಲಿ ಮಹಾಯುದ್ಧ ಶುರುವಾದಾಗ ಜನರಲ್ ಸ್ಟಾಫ್‌ನ ಮುಖ್ಯಸ್ಥನಾಗಿದ್ದವನು ಅವನ ಅಣ್ಣತಮ್ಮಂದಿರ ಕುಡಿಯೇ. ಹೆಸರೂ ಹೆಲ್ಮುಟ್ ಫಾನ್ ಮೋಲ್ಟ್ಕೆಯೇ. ಬೇಗ ಗೆಲ್ಲುತ್ತೇವೆಂಬ ಲೆಕ್ಕಾಚಾರ ಕೆಲವೇ ವಾರಗಳಲ್ಲಿ ಮುರಿದುಬಿತ್ತು. ಹಿರಿಯ ಮೋಲ್ಟ್ಕೆಯ ರೈಲು ವೇಳಾಪಟ್ಟಿಗಳನ್ನು ಜರ್ಮನಿ ಶ್ರದ್ಧೆಯಿಂದ ಮುಂದುವರಿಸಿತು, ಯೋಜನೆಗಳ ಬಗೆಗಿನ ಅವನ ಸಂದೇಹವನ್ನು ಕೈಬಿಟ್ಟಿತು. ಅವನ ಗೆಲುವುಗಳಿಗಿಂತ ಆ ಸಂದೇಹವೇ ನಾವು ನೆನಪಿಡಬೇಕಾದ ವಿವೇಕ.