ಸಿಟ್ಟು ಬಂತಾ, ಮಾಡ್ಕೊಂಡ್ರಾ?

"ನಂಗೆ ಸಿಟ್ಟು ಬಂತು" ಅಂತೀವಲ್ಲ, ಆ ಮಾತನ್ನ ಒಮ್ಮೆ ಸರಿಯಾಗಿ ಕೇಳಿಸಿಕೊಳ್ಳಿ. ಬಂತಂತೆ. ಮಳೆ ಬಂದ ಹಾಗೆ, ನೆಂಟರು ಬಂದ ಹಾಗೆ. ನಾನು ಪಾಪ ಸುಮ್ಮನೆ ಕೂತಿದ್ದೆ, ಸಿಟ್ಟೇ ಹುಡುಕಿಕೊಂಡು ಬಂತು!

ಇಂಥ ಮಾತುಗಳ ಬೆನ್ನು ಹತ್ತಿದವರು ರಾಯ್ ಶೇಫರ್. 1922ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದವರು. ಡಾಕ್ಟರಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್. ಅದೇನು ಸಣ್ಣ ವಿಷಯ ಅಂದ್ಕೋಬೇಡಿ. ಆಗ ಅಮೆರಿಕದಲ್ಲಿ ಮನೋವಿಶ್ಲೇಷಣೆ, ಅಂದರೆ ಫ್ರಾಯ್ಡ್ ಶುರು ಮಾಡಿದ ಸೈಕೋಅನಾಲಿಸಿಸ್, ಹೆಚ್ಚುಕಮ್ಮಿ ವೈದ್ಯರದ್ದೇ ತೋಟ. ಬೇಲಿ ದಾಟಿ ಒಳಗೆ ಹೋದ ಸೈಕಾಲಜಿಸ್ಟರು ಕೆಲವೇ ಮಂದಿ, ಶೇಫರ್ ಅವರಲ್ಲೊಬ್ಬರು.

ಶುರು ಮಾಡಿದ್ದು ಕಾನ್ಸಾಸ್‌ನ ಮೆನಿಂಗರ್ ಕ್ಲಿನಿಕ್‌ನಲ್ಲಿ, ಹಂಗೇರಿಯಿಂದ ಬಂದಿದ್ದ ಡೇವಿಡ್ ರಾಪಪೋರ್ಟ್ ಕೈಕೆಳಗೆ. ರೋಗಿಯ ಮುಂದೆ ಶಾಯಿ ಚೆಲ್ಲಿದಂಥ ಕಾರ್ಡ್ ಇಟ್ಟು, 'ಏನು ಕಾಣ್ತಿದೆ?' ಅಂತ ಕೇಳೋ ರೋರ್ಶಾಕ್ ಪರೀಕ್ಷೆ ಗೊತ್ತಲ್ಲ? ಒಟ್ಟು 10 ಕಾರ್ಡು. ಒಬ್ಬರು ಬಾವಲಿ ಅಂತಾರೆ, ಇನ್ನೊಬ್ಬರು ಚಿಟ್ಟೆ ಅಂತಾರೆ. ಶೇಫರ್‌ಗೆ ಬಾವಲಿ ಮಾತ್ರ ಸಾಲದು. ಅದನ್ನ ಹೇಳುವಾಗ ಆ ಮನುಷ್ಯ ಹೇಗೆ ತಪ್ಪಿಸಿಕೊಂಡ, ಎದುರು ಕೂತ ಪರೀಕ್ಷಕನ ಜೊತೆ ಹೇಗಿದ್ದ, ಅದೂ ಬೇಕು. 1954ರಲ್ಲಿ ಇದರ ಮೇಲೇ ಪುಸ್ತಕ ಬರೆದರು.

ಆಮೇಲೆ ಯೇಲ್, ಲಂಡನ್, ಮತ್ತೆ ನ್ಯೂಯಾರ್ಕ್. ನಮಗೆ ಬೇಕಾದ್ದು 1976ರ 'ಎ ನ್ಯೂ ಲ್ಯಾಂಗ್ವೇಜ್ ಫಾರ್ ಸೈಕೋಅನಾಲಿಸಿಸ್'. ಫ್ರಾಯ್ಡ್ ಪರಂಪರೆಯ ಸಿದ್ಧಾಂತದಲ್ಲಿ ಮನಸ್ಸು ಒಂಥರಾ ಬಾಯ್ಲರು: ಶಕ್ತಿ, ಒತ್ತಡ, ತಡೆ. ಶೇಫರ್ ತಕರಾರು ಇಷ್ಟೇ: ಇದರಲ್ಲಿ ಮನುಷ್ಯ ಎಲ್ಲಿ? ನಾಮಪದ ಬಿಡಿ, ಕ್ರಿಯಾಪದ ಹಿಡೀರಿ. ಮಾಡಿದ್ದು ಯಾರು, ಹೇಗೆ ಮಾಡಿದರು ಅಂತ ಹೇಳಿ.

ಮಗನಿಗೆ ಹೊಡೆದ ಅಪ್ಪ 'ಏನೋ, ಕೈ ಎದ್ದುಬಿಡ್ತು' ಅಂತಾನೆ. ಈ ಉದಾಹರಣೆ ನನ್ನದು, ಶೇಫರ್‌ದಲ್ಲ. ಆದರೆ ಅವರು ಹಿಡಿದದ್ದು ಈ ಜಾಣತನವನ್ನೇ: ಕೆಲಸ ನನ್ನದು, ಹೆಸರು ಕೈಯದ್ದು.

ಕನ್ನಡದಲ್ಲಿ ಇನ್ನೊಂದು ಮಜಾ ಇದೆ. ನನಗಾದರೆ ಸಿಟ್ಟು 'ಬರುತ್ತೆ'. ಹೆಂಡತಿಗೆ ಬಂದಾಗ? 'ಯಾಕೆ ಸಿಟ್ಟು ಮಾಡ್ಕೋತೀಯ?' ನನ್ನದು ಮಳೆ, ಅವಳದ್ದು ಸ್ವಂತ ತಯಾರಿಕೆ!

ಶೇಫರ್ ಹೇಳಿದ ಹಾಗೆ ಎಲ್ಲವನ್ನೂ ಕ್ರಿಯಾಪದದಲ್ಲೇ ಯಾರು ಮಾತಾಡ್ತಾರೆ ಸ್ವಾಮಿ, ಅಂತ ಆಕ್ಷೇಪ ಬಂತು. ನನಗೂ ಆ ಪುಸ್ತಕದ ಹಟ ಕೊಂಚ ಜಾಸ್ತಿಯೇ ಅನಿಸುತ್ತೆ. ಶೇಫರ್ ಕೂಡ 1980ರ ದಶಕದ ಹೊತ್ತಿಗೆ ವ್ಯಾಕರಣದಿಂದ ಕಥೆಯ ಕಡೆ ಹೊರಳಿದರು. ಚಿಕಿತ್ಸೆಗೆ ಬಂದವರು ತಮ್ಮ ಬದುಕಿನ ಕಥೆಯನ್ನೇ ಮತ್ತೆ ಮತ್ತೆ ಬೇರೆ ಥರ ಹೇಳ್ತಾರೆ ಅಂತ. ಅದೇ ಅಮ್ಮ, ಅದೇ ಮುಚ್ಚಿದ ಬಾಗಿಲು. ಮೊದಲ ತಿಂಗಳು 'ಅವಳು ನನ್ನ ಹೊರಗೆ ನಿಲ್ಲಿಸಿದಳು' ಅಂದವರು, ಮೂರನೇ ವರ್ಷ 'ನಾನು ತಟ್ಟಲೇ ಇಲ್ಲ' ಅನ್ನಬಹುದು.